ಒಂಬತ್ತನೇ ಪ್ಯಾನಲ್‌ನ ಕಾವಲುಗಾರರು

ಏಳನೇ ಇಂಕ್ಲೈನ್ ಗಣಿಗೆ ತಾಸಿಗೊಬ್ಬ ಧಣಿ.

ಲ್ಯಾಂಪ್ ರೂಮಿನ ಬಾಗಿಲ ಮೇಲೆ, ರೈಲ್ವೆ ಸ್ಟೇಷನ್ನಿನಲ್ಲಿ ಇರುತ್ತದಲ್ಲ, ಅಂಥದೊಂದು ಬೋರ್ಡು ಹಾಕಿದ್ದರು. ಆ ಹೊತ್ತಿಗೆ ಗಣಿ ಯಾರದೋ ಅವರ ಹೆಸರು ಅದರಲ್ಲಿ ಕೆಂಪಗೆ ಹರಿಯುತ್ತಿತ್ತು. ತಾಸು ಮುಗಿದ ಕೂಡಲೇ ಆ ಹೆಸರು ಅಳಿಸಿ ಇನ್ನೊಂದು ಬರುತ್ತಿತ್ತು. ಮೊದಲು ಗಣಿ ಸರಕಾರದ್ದಾಗಿತ್ತು. ಆಮೇಲೆ ಒಂದು ಕಂಪನಿಗೆ ಹೋಯಿತು. ಆ ಕಂಪನಿ ಗಣಿಯನ್ನು ಕಬ್ಬಿನ ಜಲ್ಲೆಯ ಹಾಗೆ ತಾಸುತಾಸಾಗಿ ಕತ್ತರಿಸಿ ಪೇಟೆಗೆ ಇಟ್ಟಿತು. ಕೊಳ್ಳುವವು ಯಂತ್ರಗಳು, ಮಾರುವವೂ ಯಂತ್ರಗಳೇ. ಯಾವ ಧಣಿಯೂ ಗಣಿಯನ್ನು ಕಣ್ಣಿಂದ ನೋಡಿರಲಿಲ್ಲ. ನೋಡಬೇಕೆಂದು ಹೊರಟರೂ ದಾರಿಯಲ್ಲಿರುವಾಗಲೇ ಅದು ಬೇರೆಯವರದಾಗಿಬಿಡುತ್ತಿತ್ತು.

"ಈಗ ನಮ್ಮ ಧಣಿ ಯಾರಪಾ ಖಾಜಾಸಾಬ?" ಎಂದು ಪಾಳಿಗೆ ಇಳಿಯುವವರು ಕೇಳುತ್ತಿದ್ದರು.

"ಸಿಂಗಾಪುರದಾಂವ ಅಂತ. ತಾಸಿಗೆ ಬೀಗರು ಬಂದಂಗ ಬರ್ತಾರ, ಬೀಗರು ಹೋದಂಗ ಹೋಗ್ತಾರ."

"ಬೀಗರಾದ್ರ ಹೋಗುಮುಂದ ಹೇಳಿನರ ಹೋಗ್ತಾರಲೇ!"

ಹೀಗೆ ನಗುತ್ತಲೇ ಇಳಿಯುತ್ತಿದ್ದರು. ಇವರೆಲ್ಲ ಕನ್ನಡ ಲೈನಿನವರು. ಇವರ ಅಜ್ಜಂದಿರು ರಾಯಚೂರು ಸೀಮೆಯ ಚಿನ್ನದ ಗಣಿಯಿಂದ ಗೋದಾವರಿ ದಂಡೆಯ ಈ ಇದ್ದಲಿನ ನಾಡಿಗೆ ಗುಂಪುಕಟ್ಟಿ ಬಂದವರು. ಸಾಲುಮನೆಗಳ ಆ ಓಣಿಯಲ್ಲಿ ಇಂದಿಗೂ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ, ಜಗಳವೂ ಕನ್ನಡದಲ್ಲೇ ಆಗುತ್ತದೆ.

ಧಣಿ ಬದಲಾದರೂ ಬದಲಾಗದೆ ಇದ್ದದ್ದು ಅತ್ತೆ. ಗಣಿಯೊಳಗಿನ ಗಾಳಿ, ನೀರು, ಬೆಂಕಿ, ಜನ ಎಲ್ಲದರ ಮೇಲೂ ಕಣ್ಣಿಟ್ಟಿದ್ದ ಯಂತ್ರಕ್ಕೆ ಕಾಗದದಲ್ಲಿ ಏನೋ ಉದ್ದನೆಯ ಹೆಸರಿತ್ತು. ಯಾರು ಎಲ್ಲಿ ನಿಂತರು, ಎಷ್ಟು ಹೊತ್ತು ಕೂತರು, ಯಾರ ದೀಪ ಆರಿತು ಎಂದು ಬಿಡದೆ ಕೇಳುವುದರಿಂದ ಕನ್ನಡ ಲೈನಿನವರು ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದರು.

ಹುಲಿಗೆಮ್ಮನ ಕೆಲಸ ಅತ್ತೆಗೆ ಉತ್ತರ ಕೊಡುವುದು.

ಅತ್ತೆಗೆ ಎಲ್ಲವೂ ಗೊತ್ತಾಗುತ್ತಿರಲಿಲ್ಲ. ಕೆಳಗಿನ ಕ್ಯಾಮರಾದಲ್ಲಿ ಏನೋ ಕಪ್ಪಗೆ ಕಂಡರೆ ಅದು ನೆರಳೋ ನೀರೋ ಎಂದು ಅನುಮಾನ. ಆಗ ಕಂಟ್ರೋಲ್ ರೂಮಿನ ಪರದೆಯ ಮೇಲೆ ಪ್ರಶ್ನೆ ಬರುತ್ತಿತ್ತು, ಕೆಳಗೆ ಎರಡು ಗುಂಡಿ. ಎಂಟು ಸೆಕೆಂಡಿನೊಳಗೆ ಒಂದನ್ನು ಒತ್ತಬೇಕು. ಒತ್ತದಿದ್ದರೆ ಪ್ರಶ್ನೆ ಹೊರಗೆ ಹೋಗುತ್ತಿತ್ತು. ಎಲ್ಲೋ ಯಾವುದೋ ಊರಿನಲ್ಲಿ ಇಂಥದೇ ಪರದೆಯ ಮುಂದೆ ಕೂತ ಇನ್ನಾರೋ ಉತ್ತರ ಕೊಡುತ್ತಿದ್ದರು. ಸರಿಯಾದ ಉತ್ತರ ಕೊಟ್ಟಷ್ಟೂ ಅತ್ತೆಗೆ ಅವರ ಮೇಲೆ ನಂಬಿಕೆ ಹೆಚ್ಚು. ಜೀವದ ವಿಷಯದಲ್ಲಿ ಒಂದು ಸುಳ್ಳು ಉತ್ತರ ಕೊಟ್ಟರೆ ಮಾತ್ರ ಆ ಪಾಳಿ ಮುಗಿಯುವವರೆಗೆ ಗುಂಡಿಗಳು ಸತ್ತಂತೆ.

ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ಹುಡುಗಿಗೆ ಈ ಕೆಲಸ ಸಿಕ್ಕಿದ್ದು ಲೈನಿನವರಿಗೆಲ್ಲ ಸೋಜಿಗ. ಪರೀಕ್ಷೆಗೆಂದು ನೂರು ಚಿತ್ರ ತೋರಿಸಿದ್ದರು. ಓದಿದವರು ಅವಸರಪಟ್ಟು ಇಪ್ಪತ್ತು, ಮೂವತ್ತು ತಪ್ಪಿದರು. ಹುಲಿಗೆಮ್ಮ ತಪ್ಪಿದ್ದು ಎರಡೇ. ಅವಳು ಚಿಕ್ಕಂದಿನಿಂದ ಮಾತಾಡಿದ್ದಕ್ಕಿಂತ ನೋಡಿದ್ದೇ ಹೆಚ್ಚು. ನಾಲ್ಕು ಜನ ಸೇರಿದಲ್ಲಿ ಅವಳು ಬಾಗಿಲ ಸಂದಿಗೆ ಸರಿದು ನಿಲ್ಲುತ್ತಿದ್ದಳು. ಅಲ್ಲಿಂದ ಎಲ್ಲರೂ ಕಾಣುತ್ತಿದ್ದರು.

ಅತ್ತೆಗೆ ಒಂದು ಅಧಿಕಾರ ಮಾತ್ರ ತೀರ ದೊಡ್ಡದು ಇತ್ತು. ಇದ್ದಲು ತಾನಾಗಿಯೇ ಕಾಯುತ್ತದೆ. ಒದ್ದೆ ಮೇವಿನ ಬಣವೆ ಒಳಗೊಳಗೇ ಬಿಸಿಯಾಗಿ ಹೊಗೆಯಾಡುವುದಿಲ್ಲವೆ, ಹಾಗೆ. ಇದ್ದಲು ತೆಗೆದು ಖಾಲಿ ಬಿಟ್ಟ ಜಾಗಕ್ಕೆ ಗೋಫು ಎನ್ನುತ್ತಾರೆ. ಅಲ್ಲಿ ಉಳಿದ ಪುಡಿಗೆ ಗಾಳಿ ತಾಗಿದರೆ ಸಾಕು, ಬೆಂಕಿ ಹುಟ್ಟುತ್ತದೆ. ಹಾಗಾದಾಗ ಆ ಪ್ಯಾನಲ್ಲಿನ, ಎಂದರೆ ಗಣಿಯ ಆ ಭಾಗದ, ಬಾಯಿಗಳನ್ನು ಮುಚ್ಚಿ ಒಳಗೆ ಸಾರಜನಕ ತುಂಬಬೇಕು. ಅದರಲ್ಲಿ ಬೆಂಕಿಯೂ ಬದುಕುವುದಿಲ್ಲ, ಮನುಷ್ಯನೂ ಬದುಕುವುದಿಲ್ಲ. ಹಿಂದೆ ಇನ್ನೊಂದು ಗಣಿಯಲ್ಲಿ, ಇನ್ನೊಂದು ಪಾಳಿ ಇದ್ದಲು ಬರಲಿ ಎಂದು ಮುಚ್ಚದೆ ಬಿಟ್ಟಿದ್ದರಂತೆ. ಅಲ್ಲಿ ಅರವತ್ತು ಜನ ಸತ್ತ ಮೇಲೆ ಮುಚ್ಚುವ ಕೆಲಸವನ್ನು ಮನುಷ್ಯರ ಕೈಯಿಂದ ತೆಗೆದು ಯಂತ್ರಕ್ಕೆ ಕೊಟ್ಟರು. ಒಳಗೆ ಜನ ಇರುವವರೆಗೆ ಅತ್ತೆ ಮುಚ್ಚುವುದಿಲ್ಲ. ಜನ ಇಲ್ಲವಾದ ಕ್ಷಣಕ್ಕೆ ಮುಚ್ಚಿಬಿಡುತ್ತಾಳೆ. ಅವಳ ಕೈ ತಡೆಯುವ ಹಕ್ಕು ಒಬ್ಬರಿಗೇ ಇತ್ತು, ಆ ತಾಸಿನ ಮಾಲೀಕರಿಗೆ.

ಜನ ಇದ್ದಾರೋ ಇಲ್ಲವೋ ಎಂದು ಅವಳಿಗೆ ತಿಳಿಯುತ್ತಿದ್ದದ್ದು ಬಿಲ್ಲೆಗಳಿಂದ. ಪ್ರತಿಯೊಬ್ಬರ ಟೋಪಿಯಲ್ಲಿ ರೂಪಾಯಿಯಷ್ಟಗಲದ ಒಂದು ಬಿಲ್ಲೆ. ಅದು ಹೋದಲ್ಲೆಲ್ಲ ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಹೋಗುತ್ತಿತ್ತು. ಮೈಗೆ ಅಂಟಿಸಿಕೊಂಡು ನಾಡಿ ನೋಡುವ ಬಿಲ್ಲೆಯೂ ಒಂದು ವರ್ಷ ಬಂದಿತ್ತು. ಬೆವರಿಗೂ ಇದ್ದಲಿನ ಪುಡಿಗೂ ಅದು ತಲೆಕೆಟ್ಟು ಪಾಳಿಗೆ ಮೂವತ್ತು ಸಲ ಯಾರೋ ಸತ್ತರೆಂದು ಕೂಗತೊಡಗಿದಾಗ ಯೂನಿಯನ್ನಿನವರೇ ಬೇಡವೆಂದರು.

*

ಹೋದ ಸುಗ್ಗಿಯ ಹೊತ್ತಿಗೆ ಆ ಬಿಲ್ಲೆಗಳಿಂದಲೇ ತಕರಾರು ಹುಟ್ಟಿತು.

ಕನ್ನಡ ಲೈನಿನಲ್ಲಿ ಚಿನ್ನದ ಗಣಿಯ ಕಾಲದಿಂದ ಬಂದ ಒಂದು ಪದ್ಧತಿ ಇದೆ. ಕೆಳಗೆ ಯಾರಾದರೂ ಸತ್ತರೆ ಹೆಣ ಮೇಲೆ ಬರುತ್ತದೆ, ಜೀವ ಅಲ್ಲೇ ಉಳಿಯುತ್ತದೆ ಎನ್ನುತ್ತಾರೆ. ಹನ್ನೊಂದನೇ ದಿನ ಅವನ ಜೊತೆಗಾರರು ಅವನ ಬಿಲ್ಲೆಗೆ ಅರಿಷಿಣದ ದಾರ ಕಟ್ಟಿ, ಅವನು ಬಿದ್ದ ಜಾಗದ ಆಸರೆ ಕಂಬಕ್ಕೆ ತೂಗುಹಾಕಿ, "ಇಲ್ಲೇ ಇರಪಾ, ನಮ್ಮ ರೂಫ್ ನೋಡ್ಕೋ" ಎಂದು ಹೇಳಿ ಬರುತ್ತಾರೆ. ಅಲ್ಲಿಂದ ಮುಂದೆ ಅವನು ಕಾವಲು. ಅಜ್ಜಂದಿರ ಕಾಲದಲ್ಲಿ ಅದು ಹಿತ್ತಾಳೆಯ ಬಿಲ್ಲೆ, ಯಾರಿಗೂ ತೊಂದರೆ ಇರಲಿಲ್ಲ. ಈಗಿನದು ಹತ್ತು ವರ್ಷ ಸಾಯದ ಬಿಲ್ಲೆ. ಪಾಳಿ ಮುಗಿದು ಎಲ್ಲರೂ ಮೇಲೆ ಬಂದರೂ ಅತ್ತೆಯ ಲೆಕ್ಕದಲ್ಲಿ ಹನ್ನೊಂದು ಜನ ಕೆಳಗೇ ಇರುತ್ತಿದ್ದರು. ಇಲ್ಲದವರಿಗೆ ಗಾಳಿ ಹೋಗುತ್ತಿತ್ತು, ಇಲ್ಲದವರಿಗಾಗಿ ಸೈರನ್ ಕೂಗುತ್ತಿತ್ತು. ಕೊನೆಗೆ ಯಾವುದೋ ತಾಸಿನ ಧಣಿಯಿಂದ ಆಜ್ಞೆ ಬಂತು: ಅವನ್ನೆಲ್ಲ ಕಿತ್ತು ತನ್ನಿ, ಇಲ್ಲವೆ ಯಂತ್ರಕ್ಕೆ ವ್ಯತ್ಯಾಸ ಕಲಿಸಿ.

ಕಲಿಸಬೇಕಾದವಳು ಹುಲಿಗೆಮ್ಮ. ಆ ಹನ್ನೊಂದರಲ್ಲಿ ಒಂದು ಅವಳ ಅಪ್ಪನದು. ಒಂಬತ್ತನೇ ಪ್ಯಾನಲ್ಲಿನಲ್ಲಿ ತೂಗುತ್ತಿತ್ತು.

ಅಪ್ಪ ಹೋದ ಮೇಲೆ ಅವಳು ಇದ್ದದ್ದು ಅಕ್ಕ ದೇವಮ್ಮನ ಮನೆಯಲ್ಲಿ. ಅಕ್ಕನ ಗಂಡ ತಿಪ್ಪಣ್ಣ ಗಣಿಯೊಳಗೆ ರೂಫಿಗೆ ಆಸರೆ ನಿಲ್ಲಿಸುವವನು. ಅಪ್ಪನ ಬಿಲ್ಲೆಯನ್ನು ತೂಗುಹಾಕಿದವನೂ ಅವನೇ. ಅವನಿಗೆ ಹುಲಿಗೆಮ್ಮನ ಮೌನವನ್ನು ಕೆಣಕದಿದ್ದರೆ ರೊಟ್ಟಿ ಇಳಿಯುತ್ತಿರಲಿಲ್ಲ.

"ಏನ್ ಹುಲಿಗಿ, ಇವತ್ತ ಎಷ್ಟ್ ಮಾತಾಡಿದಿ? ನಾಕಾ, ಐದಾ? ಅತ್ತಿ ಕೂಡರ ಬಾಯಿ ಬಿಡ್ತಿಯೋ ಇಲ್ಲೋ?"

"ಆಕಿ ಗುಂಡಿ ಒತ್ತತಾಳ, ಮಾತ್ಯಾಕ ಬೇಕು?" ಎಂದಳು ದೇವಮ್ಮ ಒಲೆಯ ಮುಂದಿನಿಂದ. ಆಮೇಲೆ ದನಿ ಬದಲಿಸಿ, "ನೋಡು ಹುಲಿಗಿ, ಅಪ್ಪನ ಬಿಲ್ಲಿ ಕೀಳಿಸಿದ್ರ ನಾ ನಿನ್ನ ಕೂಡ ಮಾತಾಡಂಗಿಲ್ಲ. ಈಗs ಹೇಳೀನಿ" ಎಂದಳು.

ಹುಲಿಗೆಮ್ಮ ತಟ್ಟೆಯೊಳಗಿನ ಪುಂಡಿಪಲ್ಯವನ್ನು ಬೆರಳಿಂದ ಅತ್ತಿತ್ತ ಸರಿಸಿದಳು. ಆಮೇಲೆ ಕೇಳಿದಳು, "ಮಾಮಾ, ಜೀವ ಇದ್ದಾವನ ಬಿಲ್ಲಿ ಯಾವ್ದು, ಕಾವಲಿನ ಬಿಲ್ಲಿ ಯಾವ್ದು ಅಂತ ಆಕಿಗೆ ಹೆಂಗ ಹೇಳ್ಲಿ? ನಂಬರ್ ಬರದು ಕೊಟ್ರ ಮುಂದ ಕಟ್ಟೋ ಬಿಲ್ಲಿಗೆ ಆಗಂಗಿಲ್ಲಂತ. ಅಲ್ಲಾಡಲಾರದ್ದು ಅಂದ್ರ, ಕುಂತು ಉಣ್ಣಾವ್ರೂ ಅಲ್ಲಾಡಂಗಿಲ್ಲ."

ತಿಪ್ಪಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದ.

"ಇದೇನ್ ದೊಡ್ಡ ಮಾತು? ನಾವು ಬಿಟ್ಟು ಬಂದದ್ದು ಅಂದ್ರ ಕಾವಲು. ಕೂಡಿ ಒಳಗ ಹೋದಾವ್ರು ಕೂಡೇ ಹೊರಗ ಬರ್ತೀವಿ. ಜೀವ ಇದ್ದಾವನ್ನ ಬಿಟ್ಟು ಹೊರಗ ಬಂದದ್ದು ಈ ಲೈನಿನ್ಯಾಗ ಐತೇನು? ನಿಮ್ಮ ಅಜ್ಜನ ಕಾಲದಾಗೂ ಇಲ್ಲ."

ಹುಲಿಗೆಮ್ಮ ಒಂದು ವಾರ ಪರದೆ ನೋಡಿದಳು. ಮಾಮನ ಮಾತು ನಿಜವಿತ್ತು. ಹಸಿರು ಚುಕ್ಕೆಗಳು ಗುಂಪಾಗಿ ಹೋಗುತ್ತಿದ್ದವು, ಗುಂಪಾಗಿ ಬರುತ್ತಿದ್ದವು. ಒಬ್ಬ ಹಿಂದೆ ಬಿದ್ದರೆ ಎಲ್ಲವೂ ನಿಲ್ಲುತ್ತಿದ್ದವು. ಅವಳು ಅತ್ತೆಗೆ ಅದನ್ನೇ ಕಲಿಸಿದಳು: ಜೊತೆಯವರೆಲ್ಲ ಪ್ಯಾನಲ್ ಬಿಟ್ಟು ಹೊರಗೆ ಬಂದು ಇಪ್ಪತ್ತು ನಿಮಿಷವಾದರೂ ಒಳಗೆ ಅಲ್ಲಾಡದೆ ಉಳಿದ ಬಿಲ್ಲೆ ಮನುಷ್ಯನಲ್ಲ, ಕಾವಲು. ಅದನ್ನು ಎಣಿಸಬೇಡ.

ಆಗಿನ ಮಾಲೀಕರು ಒಪ್ಪಿದರು. ಹನ್ನೊಂದು ಚುಕ್ಕೆಗಳು ಹಸಿರಿನಿಂದ ಬೂದು ಬಣ್ಣಕ್ಕೆ ತಿರುಗಿದವು. ಲೈನಿನ ವಿಧವೆಯರು ಹುಲಿಗೆಮ್ಮನನ್ನು ತಡೆದು ತಡೆದು ತಲೆ ಸವರಿದರು. ಅವಳಿಗೆ ನಾಚಿಕೆಯಿಂದ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

*

ಆ ದಿನ ಬೆಳಗಿನ ಪಾಳಿ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಒಂಬತ್ತನೇ ಪ್ಯಾನಲ್ಲಿನ ರೂಫ್ ಬಿತ್ತು.

ಪರದೆಯ ಮೇಲೆ ಎಂಟು ಚುಕ್ಕೆಗಳಿದ್ದವು. ಏಳು ಒಂದೇ ಸಲ ಬಾಯಿಯ ಕಡೆ ಹಾರಿದವು, ನಿಂತವು, ಮತ್ತೆ ಹಿಂದಕ್ಕೆ ಹೋದವು. ಒಂದು ಮಾತ್ರ ಇದ್ದಲ್ಲೇ ಇತ್ತು. ಹುಲಿಗೆಮ್ಮ ಅದರ ನಂಬರು ನೋಡಿದಳು. ನೋಡುವ ಮೊದಲೇ ಅವಳಿಗೆ ಗೊತ್ತಿತ್ತು. ರೂಫಿನ ಹತ್ತಿರ ಎಲ್ಲರಿಗಿಂತ ಮುಂದೆ ಇರುತ್ತಿದ್ದವನು ಆಸರೆ ಹಾಕುವವನೇ.

ಪಾಳಿಯ ಇನ್‌ಚಾರ್ಜ್ ಮಾಣಿಕರಾವ್ ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತ. ಉಳಿದ ಪ್ಯಾನಲ್ಲುಗಳಿಂದ ಜನರನ್ನೆಲ್ಲ ಮೇಲೆ ಕರೆಸಿದ. ರಕ್ಷಣಾ ತಂಡಕ್ಕೆ ಫೋನು ಮಾಡಿದ. ಅವರು ಬರಬೇಕಾದದ್ದು ಎಪ್ಪತ್ತು ಕಿಲೋಮೀಟರ್ ದೂರದಿಂದ.

ಏಳು ಚುಕ್ಕೆಗಳು ಅರ್ಧ ತಾಸು ಆ ಒಂದು ಚುಕ್ಕೆಯ ಹತ್ತಿರವೇ ಗುದ್ದಾಡಿದವು. ಅಷ್ಟರಲ್ಲಿ ಬಿದ್ದ ರೂಫಿನ ಬಿರುಕಿನಿಂದ ಹಳೆಯ ಗೋಫಿಗೆ ಗಾಳಿ ನುಗ್ಗಿತ್ತು. ವಿಷಗಾಳಿಯ ಅಂಕಿ ಏರತೊಡಗಿತು. ಅತ್ತೆಯ ಸೈರನ್ ಕೂಗಿತು. ಹತ್ತು ನಲವತ್ತನಾಲ್ಕಕ್ಕೆ ಏಳೂ ಚುಕ್ಕೆಗಳು ಪ್ಯಾನಲ್ಲಿನ ಬಾಯಿ ದಾಟಿ ಹೊರಗೆ ಬಂದವು. ಅವರ ಹಿಂದೆ ಜಾಲರಿ ಗೇಟು ತಾನಾಗಿ ಬಿದ್ದು ಬೀಗ ಹಾಕಿಕೊಂಡಿತು.

ಗೇಟಿನ ಬಳಿಯ ಫೋನಿನಲ್ಲಿ ಆ ಗುಂಪಿನ ಮುಂದಾಳು, ಸರ್ದಾರ ಖಾಜಾಸಾಬನ ದನಿ ಬಂತು. ಕೆಮ್ಮುತ್ತಿದ್ದ.

"ಸಾಬ್ರ, ದನಿ ಇಲ್ರಿ. ಮೂವತ್ತ ಸಲ ಕರದ್ವಿ, ತಿಪ್ಪಣ್ಣ ಓ ಅನಲಿಲ್ರಿ. ಗುಡ್ಡ ಬಿದ್ದಂಗ ಬಿದ್ದೈತ್ರಿ ನಡಕ. ಹುಡುಗ್ರ ಮಾಸ್ಕ್ ಮುಗದಾವ್ರಿ." ಆಮೇಲೆ ಅಳುವುದು ಕೇಳಿಸಿತು. "ಬಿಟ್ಟು ಬಂದ್ವಿ."

ಆ ಮಾತಿಗೆ ಹುಲಿಗೆಮ್ಮ ಗಕ್ಕನೆ ಮುಂದಕ್ಕೆ ಬಾಗಿದಳು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಗಡಿಯಾರ ಓಡತೊಡಗಿತ್ತು. ಇಪ್ಪತ್ತು ನಿಮಿಷ. ಅದನ್ನು ಅಲ್ಲಿ ಇಟ್ಟವಳು ತಾನೇ.

"ಸರ," ಎಂದಳು. ಗಡಿಯಾರಕ್ಕೆ ಬೆರಳು ತೋರಿಸಿದಳು. ಮತ್ತೊಮ್ಮೆ ಅಂದಳು, "ಸರ, ಹನ್ನೊಂದು ನಾಕಕ್ಕ ಅತ್ತಿ ಮಾಮನ್ನ ಕಾವಲು ಅಂತಾಳ. ಅಂದಕೂಡ್ಲೆ ಮುಚ್ಚತಾಳ."

ಮಾಣಿಕರಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನೀನ ಕಲಿಸಿದ್ದಲ್ಲ? ತೆಗಿ ಅದನ್ನ."

"ನನ್ನ ಕೈಯಾಗ ಇಲ್ರಿ. ಕಲಿಸಿದ್ದನ್ನ ತೆಗೀಬೇಕಂದ್ರ ಮಾಲೀಕರು ಹ್ಞೂಂ ಅನಬೇಕ್ರಿ."

ಅವನು ಮಾಲೀಕರ ಫೋನು ಎತ್ತಿದ. ಎಲ್ಲ ಭಾಷೆಯನ್ನೂ ಬಲ್ಲ ಒಂದು ದನಿ, ಪಠ್ಯಪುಸ್ತಕದ ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ ಮಾತಾಡಿತು. "ನಮಸ್ಕಾರ. ತಮ್ಮ ಮನವಿಯನ್ನು ಸ್ವೀಕರಿಸಲಾಗಿದೆ. ಪ್ರಸ್ತುತ ಮಾಲೀಕರು ಅದನ್ನು ಪರಿಶೀಲಿಸುತ್ತಾರೆ. ದಯವಿಟ್ಟು ನಿರೀಕ್ಷಿಸಿ." ಆಮೇಲೆ ವೀಣೆಯ ಸಂಗೀತ. ಮಾಣಿಕರಾವ್ ವೀಣೆ ಕೇಳುತ್ತಾ ನಿಂತ. ಒಮ್ಮೆ ಮೇಜು ಗುದ್ದಿ, "ಮನುಷ್ಯಾರ ಯಾರರ ಅದಾರೇನ್ರೋ ಅಲ್ಲಿ?" ಎಂದು ಕೂಗಿದ. ವೀಣೆ ನಿಲ್ಲಲಿಲ್ಲ.

ಹುಲಿಗೆಮ್ಮ ಹೆಡ್‌ಫೋನ್ ಹಾಕಿಕೊಂಡಳು. ರೂಫಿನಲ್ಲಿ ಅಲ್ಲಲ್ಲಿ ಅತ್ತೆಯ ಕಿವಿಗಳಿದ್ದವು, ಕಲ್ಲು ಬಿರಿಯುವ ಸದ್ದು ಹಿಡಿಯುವ ಯಂತ್ರಗಳು. ಒಂಬತ್ತನೇ ಪ್ಯಾನಲ್ಲಿನ ಕಿವಿಯಲ್ಲಿ ಮೊದಲು ಕೇಳಿದ್ದು ಬರೀ ಕಟಕಟ. ರೂಫ್ ಬಿದ್ದ ಮೇಲೆ ಕಲ್ಲು ಬಹಳ ಹೊತ್ತು ಮಾತಾಡುತ್ತದೆ. ಅದಕ್ಕೆ ತಾಳವಿಲ್ಲ, ಮನಸ್ಸಿಗೆ ಬಂದಂತೆ ಸಿಡಿಯುತ್ತದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಹತ್ತು ಐವತ್ತೆರಡಕ್ಕೆ ಆ ಕಟಕಟದ ಕೆಳಗಿನಿಂದ ಇನ್ನೊಂದು ಸದ್ದು ಎದ್ದಿತು. ಠಕ್ ಠಕ್ ಠಕ್. ಬಿಡುವು. ಠಕ್ ಠಕ್ ಠಕ್.

"ಸರ, ಅದಾನ! ಮಾಮ ಅದಾನ!"

ಮಾಣಿಕರಾವ್ ಒಂದು ಕಿವಿಗೆ ವೀಣೆ, ಇನ್ನೊಂದು ಕಿವಿಗೆ ಅವಳ ಹೆಡ್‌ಫೋನ್ ಹಿಡಿದು ಕೇಳಿದ. ಹೌದೆಂದು ತಲೆ ಆಡಿಸಿದ.

ಹುಲಿಗೆಮ್ಮನಿಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ಮಾಮನಿಗೆ ಎಚ್ಚರ ತಪ್ಪಿತ್ತು, ಅದಕ್ಕೇ ಓ ಅನ್ನಲಿಲ್ಲ. ಈಗ ಎಚ್ಚರವಾಗಿದೆ. ಕೈ ಆಡುತ್ತಿದೆ. ಆದರೆ ಚುಕ್ಕೆ ಕೂದಲೆಳೆಯಷ್ಟೂ ಕದಲುತ್ತಿಲ್ಲ. ಟೋಪಿ ತಲೆಯ ಮೇಲಿಲ್ಲ, ಎಲ್ಲೋ ಹಾರಿ ಬಿದ್ದಿದೆ. ಕತ್ತಲೆ, ದೀಪವೂ ಟೋಪಿಯ ಜೊತೆ ಹೋಗಿದೆ. ಆ ಟೋಪಿಯನ್ನು ಒಮ್ಮೆ ಮುಟ್ಟಿ ಸರಿಸಿದರೆ ಸಾಕು, ಗಡಿಯಾರ ನಿಲ್ಲುತ್ತದೆ. ಅದನ್ನು ಅವನಿಗೆ ಹೇಳುವುದು ಹೇಗೆ? ಒಳಗಿನ ಫೋನಿನ ತಂತಿ ಕಲ್ಲಿನಡಿ ಇತ್ತು. ಅತ್ತೆಗೆ ಒಳಗೆ ಕಿವಿಗಳಿದ್ದವು, ಬಾಯಿ ಇರಲಿಲ್ಲ.

ಅವಳು ಗೇಟಿನ ಫೋನಿಗೆ ಬಾಯಿ ಹಚ್ಚಿದಳು. ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಕೂಗಿರಲಿಲ್ಲ.

"ಖಾಜಾ ಕಾಕಾ! ಮಾಮ ಜೀವಂತ ಅದಾನ! ಗೇಟ್ ಮುರೀರಿ!"

"ಯಾ ಅಲ್ಲಾ," ಎಂದ ಖಾಜಾಸಾಬ. ಆಮೇಲೆ ಹಾರೆ ಕಬ್ಬಿಣಕ್ಕೆ ಬಡಿಯುವ ಸದ್ದು. ಏಳು ಜನರ ಉಸಿರು, ಬೈಗುಳ, ಕೆಮ್ಮು. ವಿಷಗಾಳಿಯೊಳಗೆ ಯಾರೂ ಮತ್ತೆ ನುಗ್ಗದಂತೆ ತಡೆಯಲೆಂದೇ ಮಾಡಿದ ಗೇಟು ಅದು. ಐದು ನಿಮಿಷ ಬಡಿದರೂ ಮೂಲೆಯಲ್ಲಿ ನಾಲ್ಕು ಬೆರಳು ತೂರುವಷ್ಟು ಬಾಗಿತು, ಅಷ್ಟೇ.

ನಾಲ್ಕು ಬೆರಳು. ಹುಲಿಗೆಮ್ಮನಿಗೆ ಹೊಳೆಯಿತು.

"ಕಾಕಾ, ನಿಮ್ಮ ಬಿಲ್ಲಿ ಕಿತ್ತು ಒಳಗ ಒಗೀರಿ! ಒಳಗ ಯಾರೋ ಹೊಕ್ಕಾರ ಅಂತ ತಿಳೀತಾಳ ಆಕಿ!"

ಬಿಲ್ಲೆ ಒಳಗೆ ಬಿತ್ತು. ಪರದೆಯ ಮೇಲೆ ಗೇಟಿನ ಆಚೆ ಒಂದು ಹಸಿರು ಚುಕ್ಕೆ ಹೊತ್ತಿಕೊಂಡಿತು. ಗಡಿಯಾರ ನಿಂತಿತು. ಅತ್ತೆಗೆ ಅನುಮಾನ ಬಂತು. ಪ್ರಶ್ನೆ ಮೂಡಿತು: ಗೇಟಿನ ಒಳಗೆ ಬಂದದ್ದು ಮನುಷ್ಯನೋ ಅಲ್ಲವೋ?

ಅವಳು ಎರಡು ವರ್ಷದಲ್ಲಿ ಒಂದು ಸಲವೂ ಬೇಕೆಂದು ತಪ್ಪು ಒತ್ತಿದವಳಲ್ಲ. ಮನುಷ್ಯ ಎಂದು ಒತ್ತಿದಳು.

ಗಡಿಯಾರ ನಿಂತೇ ಇತ್ತು. ಒಂದು ನಿಮಿಷ. ಎರಡು. ಮಾಣಿಕರಾವ್ ಅವಳ ಹೆಗಲ ಮೇಲೆ ಕೈ ಇಟ್ಟು, "ಶಾಣ್ಯಾಕಿ" ಎಂದ. ರಕ್ಷಣಾ ತಂಡದ ಗಾಡಿ ಅರ್ಧ ದಾರಿಗೆ ಬಂದಿತ್ತು. ಹೆಡ್‌ಫೋನಿನಲ್ಲಿ ಠಕ್ ಠಕ್ ಠಕ್. ಹೀಗೇ ಒಂದು ತಾಸು ತಳ್ಳಿದರೆ ಸಾಕು ಎಂದು ಅವಳು ಮನಸ್ಸಿನಲ್ಲೇ ಹುಲಿಗಿ ದೇವಿಗೆ ಉಡಿ ತುಂಬುವ ಹರಕೆ ಹೊತ್ತಳು.

ಅತ್ತೆ ಅಷ್ಟರಲ್ಲಿ ಗೇಟಿನ ಹೊರಗಿನ ಕ್ಯಾಮರಾ ನೋಡಿದಳು. ಹೊಗೆ ಸ್ವಲ್ಪ ಸರಿದಿತ್ತು. ಖಾಜಾಸಾಬನ ಬಿಲ್ಲೆ ಒಳಗೆ, ಖಾಜಾಸಾಬ ಹೊರಗೆ. ಬಿಳಿ ಗಡ್ಡ, ಬೋಳು ತಲೆ, ಕೈಯಲ್ಲಿ ಹಾರೆ.

ಪರದೆಯ ಮೇಲೆ ಬರಹ ಬಂತು. ಉತ್ತರ ತಪ್ಪು. ಜೀವಕ್ಕೆ ಸಂಬಂಧಿಸಿದ ತಪ್ಪು. ಈ ಪಾಳಿ ಮುಗಿಯುವವರೆಗೆ ನಿಮ್ಮ ಉತ್ತರಗಳನ್ನು ತೆಗೆದುಕೊಳ್ಳುವುದಿಲ್ಲ.

ಎರಡೂ ಗುಂಡಿಗಳ ಬೆಳಕು ಆರಿತು. ನಿಂತ ಗಡಿಯಾರ ನಿಂತಲ್ಲಿಂದ ಮತ್ತೆ ಹೊರಟಿತು.

ಆಗಲೇ ಹನ್ನೊಂದು ಹೊಡೆಯಿತು. ಮಾಣಿಕರಾವನ ಕಿವಿಯಲ್ಲಿದ್ದ ವೀಣೆ ನಿಂತಿತು. "ನಮಸ್ಕಾರ," ಎಂದಿತು ಅದೇ ದನಿ. "ಗಣಿಯ ಮಾಲೀಕತ್ವ ಈಗಷ್ಟೇ ಬದಲಾಗಿದೆ. ಹಿಂದಿನ ಮಾಲೀಕರಿಗೆ ಸಲ್ಲಿಸಿದ ಮನವಿಗಳು ರದ್ದಾಗಿವೆ. ಹೊಸ ಮಾಲೀಕರಿಗೆ ಹೊಸದಾಗಿ ಮನವಿ ಸಲ್ಲಿಸಲು ಕೋರುತ್ತೇವೆ." ಅವನು ಮೊದಲಿನಿಂದ ಹೇಳತೊಡಗಿದ, ಗಣಿಯ ಹೆಸರು, ಪ್ಯಾನಲ್ಲಿನ ನಂಬರು, ತನ್ನ ಹುದ್ದೆ.

ಹನ್ನೊಂದು ಐದಕ್ಕೆ ಪರದೆಯ ಮೇಲೆ ಇನ್ನೊಂದು ಪ್ರಶ್ನೆ ಬಂತು. ಹತ್ತು ನಿಮಿಷದಿಂದ ಒಂದು ಸದ್ದು ಅತ್ತೆಗೆ ಹೊಂದಿಕೆಯಾಗದೆ ಕಾಡಿತ್ತು. ಅವಳು ಅದನ್ನು ತುಂಡರಿಸಿ ತಂದು ಮುಂದಿಟ್ಟಿದ್ದಳು. ಸದ್ದು: ಕಲ್ಲೋ, ಮನುಷ್ಯನೋ?

ಹುಲಿಗೆಮ್ಮ ಗುಂಡಿ ಒತ್ತಿದಳು. ಆರಿದ ಗುಂಡಿ. ಮತ್ತೆ ಒತ್ತಿದಳು. ಅಂಗೈಯಿಂದ ಬಡಿದಳು. ಮಾಣಿಕರಾವ್ ಫೋನು ಬಿಟ್ಟು ಓಡಿ ಬಂದು ತಾನೂ ಒತ್ತಿದ. ಅವನು ಆ ಪಾಳಿಗೆಲ್ಲ ದೊಡ್ಡವನು, ಆದರೆ ಉತ್ತರ ಕೊಡುವವನಲ್ಲ. ಅತ್ತೆಗೆ ಅವನ ಬೆರಳಿನ ಗುರುತಿರಲಿಲ್ಲ. "ಮನುಷ್ಯ! ಮನುಷ್ಯ ಅದಾನವ್ವ!" ಎಂದು ಅವನು ಪರದೆಗೇ ಕೂಗಿದ.

ಎಂಟು ಸೆಕೆಂಡ್ ಮುಗಿದವು. ಪ್ರಶ್ನೆ ಹೊರಗೆ ಹೋಯಿತು.

ಯಾವ ಊರಿಗೆ ಹೋಯಿತೋ. ಅಲ್ಲಿಯೂ ತನ್ನಂಥ ಒಬ್ಬಳು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಿರಬಹುದು ಎಂದು ಹುಲಿಗೆಮ್ಮ ಆಮೇಲೆ ಎಷ್ಟೋ ದಿನ ಯೋಚಿಸಿದಳು. ಗಣಿಯನ್ನು ಕಂಡಿರದವಳು, ಕಲ್ಲು ಹೇಗೆ ಮಾತಾಡುತ್ತದೆಂದು ಕೇಳಿರದವಳು. ಅದಕ್ಕೂ ಮೊದಲು ಒಂದು ಬೆಕ್ಕಿನ ಚಿತ್ರ, ಅದಾದ ಮೇಲೆ ಒಂದು ರಸ್ತೆಯ ಚಿತ್ರ, ನಡುವೆ ಈ ಠಕ್ ಠಕ್ ಠಕ್. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ.

ಎರಡು ಸೆಕೆಂಡಿನಲ್ಲಿ ಉತ್ತರ ಬಂತು. ಕಲ್ಲು.

ಹನ್ನೊಂದು ಏಳಕ್ಕೆ ತಿಪ್ಪಣ್ಣನ ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು. ಒಂಬತ್ತನೇ ಪ್ಯಾನಲ್ಲಿನಲ್ಲಿ ಜನ: ಸೊನ್ನೆ. ಗೇಟಿನ ಹಿಂದೆ, ಎರಡೂ ಬಾಯಿಗಳಲ್ಲಿ ಮಡಚಿಟ್ಟಿದ್ದ ರಬ್ಬರಿನ ಚೀಲಗಳು ಉಬ್ಬತೊಡಗಿದವು. ಒಳಗಿನ ನೊರೆ ಹತ್ತು ನಿಮಿಷದಲ್ಲಿ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಗೇಟಿನ ಫೋನಿನಲ್ಲಿ ಖಾಜಾಸಾಬ ಬೈಯುತ್ತಿದ್ದ, ಬೇಡುತ್ತಿದ್ದ. "ಏ ಅತ್ತಿ, ಏ ನಮ್ಮವ್ವಾ, ತಡೀ. ನನ್ನ ಒಳ್ಗ ಬಿಡು, ನನ್ನ ಕೂಡೇ ಮುಚ್ಚು. ನಾ ಅದೀನಿ ಮನುಷ್ಯಾ, ನನ್ನ ಎಣಿಸು." ಅವನ ಹುಡುಗರು ಅವನನ್ನು ಎಳೆದುಕೊಂಡು ಹೋದರು.

*

ಸೈರನ್ ಕೇಳಿ ಲೈನಿನ ಹೆಂಗಸರೆಲ್ಲ ಗಣಿಯ ಬಾಗಿಲಿಗೆ ಬಂದಿದ್ದರು. ಒಬ್ಬೊಬ್ಬರ ಗಂಡನೂ ಮಗನೂ ಮೇಲೆ ಬಂದಂತೆ ಒಬ್ಬೊಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಮುಂದೆ ನಿಂತದ್ದು ದೇವಮ್ಮ ಒಬ್ಬಳೇ. ಕೈಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು.

ಮನೆಯವರನ್ನು ಕಂಟ್ರೋಲ್ ರೂಮಿಗೆ ಬಿಡುವ ನಿಯಮವಿಲ್ಲ. ಮಾಣಿಕರಾವನೇ ಹೋಗಿ ಅವಳನ್ನು ಕರೆತಂದ. ಬಾಗಿಲಲ್ಲಿ ಬಿಟ್ಟು ತಾನು ಹೊರಗೇ ನಿಂತ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ. ರಕ್ಷಣಾ ತಂಡ ಬಂದು ಅಂಗಳದಲ್ಲಿ ಕಾಯುತ್ತಿತ್ತು. ಮುಚ್ಚಿದ್ದನ್ನು ಈಗ ಒಡೆದರೆ ಒಳಗಿನ ಬೆಂಕಿಗೆ ಗಾಳಿ ಸಿಕ್ಕು ಇಡೀ ಗಣಿ ಸಿಡಿಯುತ್ತದೆ ಎಂದು ಅವರು ಹೇಳಿ ಆಗಿತ್ತು. ಅವರು ಹೇಳಿದ್ದು ಸುಳ್ಳೂ ಅಲ್ಲ.

ದೇವಮ್ಮ ಪರದೆ ನೋಡಿದಳು. ಅವಳಿಗೆ ಅದರಲ್ಲಿ ಏನೂ ತಿಳಿಯಲಿಲ್ಲ. ತಂಗಿಯನ್ನು ನೋಡಿದಳು.

"ಎಲ್ಲದಾನ ನಿಮ್ಮ ಮಾಮ?"

ಹುಲಿಗೆಮ್ಮ ಒಂದು ಬೂದು ಚುಕ್ಕೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ಆ ಕಡೀಗಿರೋದು ಅಪ್ಪನದಲ್ಲ?"

"ಹ್ಞೂಂ."

"ಬಣ್ಣ ಒಂದs ಐತಲ್ಲ."

ದೇವಮ್ಮ ಸೆರಗಿನಿಂದ ಕೈಯ ಹಿಟ್ಟನ್ನು ಒರೆಸಿಕೊಂಡಳು, ಒಂದೊಂದೇ ಬೆರಳನ್ನು, ನಿಧಾನವಾಗಿ. ಆಮೇಲೆ ತಂಗಿಯ ಕಿವಿಯ ಕಡೆ ನೋಡಿದಳು.

"ಏನ್ ಕೇಳಾಕತ್ತಿ ನೀ?"

"ಏನಿಲ್ಲಕ್ಕ."

"ಕೊಡಿಲ್ಲಿ."

"ಬ್ಯಾಡಕ್ಕ."

"ಕೊಡು ಅಂದೆ."

ಹುಲಿಗೆಮ್ಮ ಹೆಡ್‌ಫೋನ್ ತೆಗೆದು ಕೊಟ್ಟಳು. ಕೊಡದೆ ಇರಬಹುದಿತ್ತು, ತಂತಿ ಕೀಳಬಹುದಿತ್ತು. ಅಕ್ಕನ ಕಣ್ಣಿಗೆ ಎದುರು ನಿಲ್ಲುವುದು ಅವಳಿಗೆ ಎಂದೂ ಬಂದಿರಲಿಲ್ಲ.

ದೇವಮ್ಮ ಅದನ್ನು ಕಿವಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತಳು. ಬಹಳ ಹೊತ್ತು ಹಾಗೇ ಕೂತಳು. ಅವಳ ಮುಖದಲ್ಲಿ ಮೊದಲು ಏನೂ ಇರಲಿಲ್ಲ, ಆಮೇಲೆ ಹುಬ್ಬು ಗಂಟಾಯಿತು. ತಲೆ ಒಂದು ಪಕ್ಕಕ್ಕೆ ವಾಲಿತು, ನೆರೆಮನೆಯಿಂದ ಯಾರೋ ಕರೆದಂತೆ.

"ಹುಲಿಗಿ," ಎಂದಳು ತಲೆ ಎತ್ತದೆ, "ಇದು ಕಲ್ಲೇನs?"

ಇಲ್ಲಿ ಗುಂಡಿ ಇರಲಿಲ್ಲ, ಎಂಟು ಸೆಕೆಂಡೂ ಇರಲಿಲ್ಲ. ಅಕ್ಕ ಎಷ್ಟು ಹೊತ್ತು ಬೇಕಾದರೂ ಕಾಯುತ್ತಿದ್ದಳು.

"ಕಲ್ಲಕ್ಕ," ಎಂದಳು. "ರೂಫ್ ಬಿದ್ದ ಮ್ಯಾಲ ಕಲ್ಲು ಹಂಗs ಮಾತಾಡ್ತೈತಿ."

"ಹ್ಞೂಂ," ಎಂದಳು ದೇವಮ್ಮ.

ಹೆಡ್‌ಫೋನನ್ನು ಎರಡೂ ಕೈಯಿಂದ ಇನ್ನಷ್ಟು ಒತ್ತಿ ಹಿಡಿದುಕೊಂಡಳು. ಸದ್ದು ನಿಲ್ಲುವವರೆಗೂ ಅದನ್ನು ಕಿವಿಯಿಂದ ತೆಗೆಯಲಿಲ್ಲ.